ಪಡಸಾಲೆಯ ಇಟ್ಟಿಗೆ, ಕೊಯ್ನಾದ ನೀರು, ಕಿಲ್ಲಾರಿಯ ನೆಲ

ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ವಾರದಿಂದ ಒಂದು ಇಟ್ಟಿಗೆ ಕೂತಿದೆ. ನೆಲದ ಉದ್ದಕ್ಕೂ ಸ್ಯಾಂಡ್‌ಪೇಪರ್ ಅಂಟಿಸಿದ್ದೇವೆ, ಇಟ್ಟಿಗೆಯ ಅಡಿಗೂ ಅದರದೇ ಒಂದು ತುಂಡು. ಇಟ್ಟಿಗೆಗೆ ಕಟ್ಟಿರುವುದು ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ. ಪಟ್ಟಿಯ ಇನ್ನೊಂದು ತುದಿಗೆ ದಾರ, ದಾರದ ತುದಿಗೆ ಒಂದು ಕೋಲು. ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಆ ಕೋಲನ್ನು ತೀರಾ ನಿಧಾನವಾಗಿ ತಿರುಗಿಸುತ್ತಾಳೆ. ರಬ್ಬರ್ ಹಿಗ್ಗುತ್ತದೆ, ಇಟ್ಟಿಗೆ ಅಲುಗಾಡುವುದಿಲ್ಲ. ಇನ್ನಷ್ಟು ಹಿಗ್ಗುತ್ತದೆ, ಆಗಲೂ ಇಲ್ಲ. ಆಮೇಲೆ ಒಮ್ಮೆಲೇ ಗರಕ್ಕೆಂದು ಮುಂದಕ್ಕೆ ಜಿಗಿದು ನಿಲ್ಲುತ್ತದೆ. ಜಿಗಿದಲ್ಲೆಲ್ಲ ಅವಳು ಸೀಮೆಸುಣ್ಣದ ಗೆರೆ ಎಳೆಯುತ್ತಾಳೆ.

ಭೂಕಂಪದ ಸುದ್ದಿ ಓದಿ ಅವಳು ಕೇಳಿದ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಲಾಗದೆ ನಾನು ಹೂಡಿದ ಆಟ ಇದು. ಆಟವೆಂದರೂ, ನೆಲದ ಕೆಳಗಿನ ಸ್ತರಭಂಗ (ಬಂಡೆಗಳು ಜಾರುವ ಬಿರುಕು) ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಭೌತವಿಜ್ಞಾನಿಗಳು ನೂರು ವರ್ಷಗಳಿಂದ ಇದರ ಸುತ್ತಲೇ ಇದ್ದಾರೆ. ಒಂದು ತೂಕ, ಒಂದು ಸ್ಪ್ರಿಂಗ್, ಒಂದು ಒರಟು ನೆಲ. ಬಂಡೆಯ ಬಣ್ಣ, ಖನಿಜ, ಬೆಟ್ಟಗುಡ್ಡ ಎಲ್ಲವನ್ನೂ ಕೈಬಿಟ್ಟ ಮೇಲೆ ಉಳಿಯುವುದು ಇಷ್ಟೇ. ಇಷ್ಟನ್ನೇ ಇಟ್ಟುಕೊಂಡು ಎಷ್ಟು ದೂರ ಹೋಗಬಹುದು ಎಂಬುದು ನನ್ನನ್ನು ಇವತ್ತಿಗೂ ಬೆರಗಾಗಿಸುತ್ತದೆ.

ಲೆಕ್ಕ ಸುಲಭವಿದೆ. ಇಟ್ಟಿಗೆ ಕದಲಬೇಕಾದರೆ 2 ಕೆ.ಜಿ. ಎಳೆತ ಬೇಕು, ಒಮ್ಮೆ ಜಾರತೊಡಗಿದ ಮೇಲೆ ಜಾರುತ್ತಿರಲು 1.5 ಕೆ.ಜಿ. ಸಾಕು ಎಂದಿಟ್ಟುಕೊಳ್ಳಿ. ರಬ್ಬರ್ ಪ್ರತಿ ಕೆ.ಜಿ.ಗೆ 10 ಸೆಂ.ಮೀ. ಹಿಗ್ಗುತ್ತದೆ. ಹಾಗಾದರೆ ಇಟ್ಟಿಗೆ ಬಿಟ್ಟುಕೊಳ್ಳುವ ಹೊತ್ತಿಗೆ ಪಟ್ಟಿ 20 ಸೆಂ.ಮೀ. ಹಿಗ್ಗಿರುತ್ತದೆ. ಎಳೆತ 1.5ಕ್ಕೆ ಇಳಿದ ತಕ್ಷಣ ಇಟ್ಟಿಗೆ ನಿಲ್ಲಬೇಕಲ್ಲ ಎನ್ನಬಹುದು. ನಿಲ್ಲುವುದಿಲ್ಲ. ಅಷ್ಟರಲ್ಲಿ ಅದಕ್ಕೆ ವೇಗ ಬಂದಿರುತ್ತದೆ, ಅದೇ ಓಟದಲ್ಲಿ ಮುಂದೆ ಹೋಗಿ ಎಳೆತ 1 ಕೆ.ಜಿ.ಗೆ ಇಳಿದಾಗ ನಿಲ್ಲುತ್ತದೆ. ಒಟ್ಟು ಜಾರಿದ್ದು 10 ಸೆಂ.ಮೀ. ನಾವು ಸೆಕೆಂಡಿಗೆ 1 ಸೆಂ.ಮೀ. ಎಳೆಯುತ್ತಿದ್ದರೆ ಮುಂದಿನ ಜಿಗಿತಕ್ಕೆ 10 ಸೆಕೆಂಡು ಕಾಯಬೇಕು. ಕಾಯುವ ಕಾಲವೆಲ್ಲ ಕೂಡಿಡುವ ಕಾಲ. ಜಾರುವ ಕಾಲ ಕಣ್ಣು ಮಿಟುಕಿಸುವಷ್ಟು.

ಈ ಯೋಚನೆಯನ್ನು ನೆಲಕ್ಕೆ ಹಚ್ಚಿದವರು ಅಮೆರಿಕದ ಹ್ಯಾರಿ ಫೀಲ್ಡಿಂಗ್ ರೀಡ್. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಡುಗಿದಾಗ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಎರಡು ಬದಿಗಳು ಕೆಲವೆಡೆ ಸುಮಾರು 6 ಮೀಟರ್‌ವರೆಗೂ ಜರುಗಿಹೋಗಿದ್ದವು. ನೆಟ್ಟಗಿದ್ದ ಬೇಲಿಗಳು ನಡುವೆ ತುಂಡಾಗಿ ಬೇರೆ ಬೇರೆ ಕಡೆ ನಿಂತಿದ್ದವು. ಹಳೆಯ ಸರ್ವೆ ಲೆಕ್ಕಗಳನ್ನು ಹೊಸದರ ಪಕ್ಕಕ್ಕಿಟ್ಟು ನೋಡಿದ ರೀಡ್, ನೆಲ ದಶಕಗಟ್ಟಲೆ ರಬ್ಬರಿನಂತೆ ಸೊಟ್ಟಗಾಗುತ್ತ ಬಂದು, ತಾಳಲಾರದೆ ಒಂದು ದಿನ ನೆಟ್ಟಗಾಯಿತು ಎಂದು 1910ರಲ್ಲಿ ಬರೆದರು. ಭೂಫಲಕಗಳ ಸಿದ್ಧಾಂತ ಬರುವುದಕ್ಕೆ ಇನ್ನೂ ಅರ್ಧ ಶತಮಾನ ಬಾಕಿಯಿತ್ತು. ದಾರ ಎಳೆಯುತ್ತಿರುವವರು ಯಾರು ಎಂದು ತಿಳಿಯದೆಯೇ ರಬ್ಬರ್ ಹಿಗ್ಗಿದ್ದನ್ನು ಅವರು ಗುರುತಿಸಿದ್ದರು.

ಇಂಥದೇ ಜಿಗಿತ ನೋಡಲು ಇನ್ನು ನಮ್ಮ ಹರಿಹರಕ್ಕೆ ಬರೋಣ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇತ್ ತಯಾರಿಸುತ್ತಿತ್ತು. ನನ್ನ ಸೋದರಮಾವ ಅಲ್ಲಿ ಫಿಟ್ಟರ್ ಆಗಿದ್ದರು. ಲೇತಿನ ಬೆಡ್ ಮೇಲೆ ಕ್ಯಾರೇಜ್ ಜಾರಬೇಕು, ಅದೂ ತೀರಾ ನಿಧಾನವಾಗಿ, ತುಂಡು ತುಂಡಾಗಿ ಅಲ್ಲ, ಎಣ್ಣೆ ಸುರಿದ ಹಾಗೆ. ನಿಧಾನ ಫೀಡ್ ಕೊಟ್ಟಾಗ ಕೆಲವು ಮಷೀನು ಹಾಗೆ ಜಾರುತ್ತಿರಲಿಲ್ಲ. ನಿಲ್ಲುವುದು, ಜಿಗಿಯುವುದು, ನಿಲ್ಲುವುದು, ಜಿಗಿಯುವುದು. ಕೆಲಸದ ತುಂಡಿನ ಮೈಮೇಲೆ ಅದರ ಗುರುತು ಅಲೆಅಲೆಯಾಗಿ ಮೂಡುತ್ತಿತ್ತು. ಆ ರೋಗಕ್ಕೆ ಮಾವ ಹೇಳುತ್ತಿದ್ದ ಕಾರಣಗಳಲ್ಲಿ ಒಂದನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ: ಜಾರುವ ಮೈ ಎಷ್ಟು ನುಣುಪಾಗಿದ್ದರೂ, ಅದನ್ನು ತಳ್ಳುವ ಸ್ಕ್ರೂ, ನಟ್ಟು, ಗೇರುಗಳಲ್ಲಿ ಸಡಿಲವಿದ್ದರೆ ಜರ್ಕ್ ಬಂದೇ ಬರುತ್ತದೆ. ತಳ್ಳುವುದು ಗಟ್ಟಿಯಾಗಿದ್ದರೆ ಮೈ ಸ್ವಲ್ಪ ಒರಟಾಗಿದ್ದರೂ ನಡೆದುಹೋಗುತ್ತದೆ.

ಭೂಕಂಪ ವಿಜ್ಞಾನದ ಬಹುಮುಖ್ಯ ಮಾತುಗಳಲ್ಲಿ ಇದೂ ಒಂದು. ಪಡಸಾಲೆಯಲ್ಲೇ ಮಾಡಿ ನೋಡಬಹುದು. ಸೈಕಲ್ ಟ್ಯೂಬ್ ತೆಗೆದು ಅದರ ಜಾಗದಲ್ಲಿ ಬಿಗಿಯಾದ ತಂತಿ ಕಟ್ಟಿದರೆ ಅದೇ ಇಟ್ಟಿಗೆ, ಅದೇ ಸ್ಯಾಂಡ್‌ಪೇಪರ್ ಮೇಲೆ, ಜಿಗಿಯದೆ ಒಂದೇ ಸಮನೆ ಜಾರಿಕೊಂಡು ಬರುತ್ತದೆ. ಅಂದರೆ ಜಿಗಿತ ಇಟ್ಟಿಗೆಯ ಗುಣವೂ ಅಲ್ಲ, ನೆಲದ ಗುಣವೂ ಅಲ್ಲ. ಎಳೆಯುವುದರ ಬಿಗಿ ಮತ್ತು ಘರ್ಷಣೆ ಇಳಿಯುವ ರೀತಿ, ಇವೆರಡರ ಲೆಕ್ಕಾಚಾರ. ಜಾರುತ್ತಿದ್ದಂತೆ ಘರ್ಷಣೆ ಬೇಗ ಇಳಿದು, ಎಳೆತ ಅಷ್ಟು ಬೇಗ ಇಳಿಯದಿದ್ದರೆ ಜಿಗಿತ. ಎಳೆತವೇ ಮೊದಲು ಇಳಿದರೆ ನಯವಾದ ಜಾರು. ಸ್ಯಾನ್ ಆಂಡ್ರಿಯಾಸ್‌ನ ಒಂದು ಭಾಗ ನಡುಗದೆ ಗಲಾಟೆ ಮಾಡದೆ ವರ್ಷವಿಡೀ ತೆವಳುತ್ತಲೇ ಇದೆ, ಇನ್ನೊಂದು ಭಾಗ ನೂರಾರು ವರ್ಷ ಬಿಗಿಹಿಡಿದು ಒಮ್ಮೆಲೇ ಬಿಡುತ್ತದೆ. 1966ರಲ್ಲಿ ವಿಲಿಯಂ ಬ್ರೇಸ್ ಮತ್ತು ಜೇಮ್ಸ್ ಬೈಯರ್ಲಿ ಪ್ರಯೋಗಾಲಯದಲ್ಲಿ ಬಂಡೆಗಳನ್ನು ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಜಾರಿಸಿ, ಈ ನಿಂತು-ಜಿಗಿಯುವ ಚಲನೆಯೇ ಭೂಕಂಪದ ಮೂಲವಿರಬಹುದು ಎಂದು ಹೇಳಿದರು. ಎಂಜಿನಿಯರುಗಳಿಗೆ ಲೇತಿನಲ್ಲಿ ತಲೆನೋವಾಗಿದ್ದದ್ದು ಭೂವಿಜ್ಞಾನಿಗಳಿಗೆ ಬೆಳಕಾಯಿತು.

ಮಾವನ ಕೆಲಸದ ಇನ್ನೊಂದು ಭಾಗ ಸ್ಕ್ರೇಪಿಂಗ್. ಸಪಾಟಾದ ಪ್ಲೇಟಿಗೆ ತೆಳ್ಳಗೆ ಬ್ಲೂ ಹಚ್ಚಿ, ಅದನ್ನು ಬೆಡ್ ಮೇಲೆ ಉಜ್ಜಿ ತೆಗೆದರೆ ಎಲ್ಲೆಲ್ಲಿ ಎರಡೂ ಮೈ ತಾಗಿದವೋ ಅಲ್ಲಲ್ಲಿ ಮಾತ್ರ ನೀಲಿ ಚುಕ್ಕೆ. ಕಣ್ಣಿಗೆ ಕನ್ನಡಿಯಂತೆ ಕಾಣುವ ಕಬ್ಬಿಣ ನಿಜವಾಗಿ ತಾಗುವುದು ಅಲ್ಲೊಂದು ಇಲ್ಲೊಂದು ಉಬ್ಬಿನ ತುದಿಯಲ್ಲಿ. ಬಂಡೆಗಳ ಕಥೆಯೂ ಇದೇ. ಘರ್ಷಣೆ ಹುಟ್ಟುವುದು ಆ ಚುಕ್ಕೆಗಳಲ್ಲಿ. 1970ರ ದಶಕದಲ್ಲಿ ಅಮೆರಿಕದ ಜೇಮ್ಸ್ ಡೀಟರಿಕ್ ಕಂಡುಕೊಂಡದ್ದು, ಎರಡು ಬಂಡೆಗಳು ಕದಲದೆ ನಿಂತಷ್ಟೂ ಈ ಚುಕ್ಕೆಗಳು ದೊಡ್ಡದಾಗುತ್ತ, ಹಿಡಿತ ಬಿಗಿಯಾಗುತ್ತ ಹೋಗುತ್ತದೆ ಎಂಬುದನ್ನು. ಹತ್ತು ಸೆಕೆಂಡು ನಿಂತಾಗ ಹೆಚ್ಚುವ ಹಿಡಿತಕ್ಕೆ ನೂರು ಸೆಕೆಂಡಿನಲ್ಲಿ ಇನ್ನೊಂದು ಪಾಲು ಸೇರುತ್ತದೆ, ಸಾವಿರ ಸೆಕೆಂಡಿನಲ್ಲಿ ಮತ್ತೊಂದು ಅಷ್ಟೇ ಪಾಲು. ಹರಿಹರೇಶ್ವರನ ತೇರು ಎಳೆದವರಿಗೆ ಇದರ ಅಂದಾಜು ಕೈಗೇ ಗೊತ್ತು. ವರ್ಷವಿಡೀ ನಿಂತ ತೇರಿನ ಮೊದಲ ಗಾಲಿ ಉರುಳುವವರೆಗೆ ಹಗ್ಗ ಸೆಟೆದು ನಿಂತಿರುತ್ತದೆ, ಉರುಳಿದ ಮೇಲೆ ಎಳೆಯುವವರೇ ಓಡಬೇಕು.

ಒಂದು ಇಟ್ಟಿಗೆಯ ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂದಾಗ ಆಸೆ ಹುಟ್ಟುವುದು ಸಹಜ. ಹತ್ತು ಸೆಕೆಂಡಿಗೊಮ್ಮೆ ಜಿಗಿಯುವ ಇಟ್ಟಿಗೆಯಂತೆ ನೆಲವೂ ಗಡಿಯಾರದ ಹಾಗೆ ನಡೆದರೆ? ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ಎಂಬ ಸಣ್ಣ ಊರು ಆ ಆಸೆಯನ್ನು ಬೆಳೆಸಿತು. ಅಲ್ಲಿ 1857, 1881, 1901, 1922, 1934, 1966ರಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಭೂಕಂಪಗಳಾಗಿದ್ದವು, ಸರಾಸರಿ 22 ವರ್ಷಕ್ಕೊಂದು. ಮುಂದಿನದು 1988ರ ಆಸುಪಾಸಿನಲ್ಲಿ, ತಡವೆಂದರೂ 1993ರೊಳಗೆ ಎಂದು ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. ಊರ ಸುತ್ತ ಉಪಕರಣ ನೆಟ್ಟು ಕಾದರು. 1993 ಕಳೆಯಿತು. ಭೂಕಂಪ ಬಂದದ್ದು 2004ರ ಸೆಪ್ಟೆಂಬರ್ 28ರಂದು, ತೀವ್ರತೆ 6. ಎಲ್ಲಿ, ಎಷ್ಟು ಎಂಬುದು ಸರಿಯಿತ್ತು. ಯಾವಾಗ ಎಂಬುದು ಹನ್ನೊಂದು ವರ್ಷ ತಪ್ಪಿತು.

ಅದಕ್ಕೆ ಕಾರಣವನ್ನು ನಮ್ಮ ಪಡಸಾಲೆಯಲ್ಲೇ ಕಂಡೆವು. ಮೊಮ್ಮಗಳು ಹಠ ಮಾಡಿ ಇನ್ನೂ ನಾಲ್ಕು ಇಟ್ಟಿಗೆ ತಂದಳು. ಅವನ್ನು ಒಂದರ ಹಿಂದೊಂದು ರಬ್ಬರಿನಿಂದ ಪೋಣಿಸಿ ಎಳೆದಾಗ ಆಟದ ಸ್ವರೂಪವೇ ಬದಲಾಯಿತು. ಒಂದು ಸಲ ಮುಂದಿನ ಇಟ್ಟಿಗೆ ಒಂದೇ ಜಾರುತ್ತದೆ. ಇನ್ನೊಂದು ಸಲ ಎರಡು. ಬಹಳ ಹೊತ್ತಿಗೊಮ್ಮೆ ಒಂದು ಇನ್ನೊಂದನ್ನು ಎಬ್ಬಿಸಿ, ಅದು ಮತ್ತೊಂದನ್ನು ಎಬ್ಬಿಸಿ, ಐದೂ ಒಟ್ಟಿಗೆ ಧಡಧಡನೆ ಬರುತ್ತವೆ. ಎಳೆಯುವ ಕೈ ಒಂದೇ, ವೇಗ ಒಂದೇ.

"ಯಾವ ಸಲ ಐದೂ ಬರ್ತವೆ ಅಂತ ಮೊದ್ಲೇ ಹೇಳಕ್ಕೆ ಬರ್ತತಾ ಅಜ್ಜಾ?" ಎಂದು ಕೇಳಿದಳು.

ರಾಬರ್ಟ್ ಬರಿಜ್ ಮತ್ತು ಲಿಯೊನ್ ನೋಪಾಫ್ 1967ರಲ್ಲಿ ಮಾಡಿದ್ದು ಇದನ್ನೇ. ಸ್ಪ್ರಿಂಗುಗಳಿಂದ ಪೋಣಿಸಿದ ದಿಮ್ಮಿಗಳ ಸಾಲನ್ನು ಎಳೆದು, ಕಂಪ್ಯೂಟರಿನಲ್ಲೂ ಲೆಕ್ಕ ಹಾಕಿ ನೋಡಿದರು. ಸಣ್ಣ ಜಾರುಗಳು ಬಹಳ, ದೊಡ್ಡವು ಅಪರೂಪ. ನಿಜವಾದ ಭೂಕಂಪಗಳಿಗೂ ಇಂಥದೊಂದು ಕಟ್ಟುಪಾಡು ಇರುವುದನ್ನು ಗುಟೆನ್‌ಬರ್ಗ್ ಮತ್ತು ರಿಕ್ಟರ್ 1944ರಲ್ಲೇ ತೋರಿಸಿದ್ದರು. ತೀವ್ರತೆ ಒಂದು ಅಂಕ ಏರಿದರೆ ಭೂಕಂಪಗಳ ಸಂಖ್ಯೆ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಹೊರಬೀಳುವ ಶಕ್ತಿ ಮಾತ್ರ ಸುಮಾರು 32 ಪಟ್ಟು ಏರುತ್ತದೆ. ದೊಡ್ಡ ಭೂಕಂಪಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ ಎಂಬುದು ಈ ಮಾದರಿಯಿಂದ ಹೊಳೆಯುವ ಅಂಶ. ಸಣ್ಣದಾಗಿ ಶುರುವಾದದ್ದು ನಿಲ್ಲದೆ ಹೋದಾಗ ಅದೇ ದೊಡ್ಡದು. ಶುರುವಾಗುವ ಗಳಿಗೆಯಲ್ಲಿ ಎಲ್ಲಿ ನಿಲ್ಲುತ್ತದೆಂದು ಹೇಳಬೇಕಾದರೆ ಸಾಲಿನ ಪ್ರತಿಯೊಂದು ರಬ್ಬರಿನ ಬಿಗಿಯೂ ಗೊತ್ತಿರಬೇಕು. ಹತ್ತು ಕಿ.ಮೀ. ಆಳದ ಬಂಡೆಯಲ್ಲಿ ಅದನ್ನು ಅಳೆದು ಬಂದವರಿಲ್ಲ.

ಮುಂದೆ 1987ರಲ್ಲಿ ಪೆರ್ ಬಾಕ್ ಮತ್ತು ಇಬ್ಬರು ಸಂಗಡಿಗರು ಇಟ್ಟಿಗೆಗಳನ್ನೂ ಬಿಟ್ಟು ಮರಳಿನ ಗುಡ್ಡೆಯ ಲೆಕ್ಕ ಹೂಡಿದರು. ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳದ ರಾಶಿ ಸುರಿಯುವುದನ್ನು ನೋಡಿದವರಿಗೆ ಅದು ಹೊಸದಲ್ಲ. ರಾಶಿ ಕಡಿದಾಗುತ್ತಾ ಹೋಗಿ, ಒಂದು ಹಂತದ ಮೇಲೆ ಒಂದು ಹಿಡಿ ಸುರಿದರೆ ನಾಲ್ಕು ಕಾಳು ಉರುಳಬಹುದು, ಇಡೀ ಮಗ್ಗುಲು ಕುಸಿಯಲೂಬಹುದು. ಭೂಮಿಯ ಮೇಲ್ಪದರವೂ ಸದಾ ಇಂಥ ಅಂಚಿನಲ್ಲಿ ನಿಂತಿದೆ ಎಂಬುದು ಅವರ ವಾದ. ಮಾತು ಆಕರ್ಷಕ, ಆದರೆ ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. 1996ರಲ್ಲಿ ನಾರ್ವೆಯ ಓಸ್ಲೊದಲ್ಲಿ ಭೌತವಿಜ್ಞಾನಿಗಳು ಅಕ್ಕಿಯ ರಾಶಿ ಮಾಡಿ ಪರೀಕ್ಷಿಸಿದರು. ಉದ್ದ ಕಾಳಿನ ಅಕ್ಕಿ ಸಿದ್ಧಾಂತ ಹೇಳಿದಂತೆ ಕುಸಿಯಿತು, ಗುಂಡು ಕಾಳಿನದು ಹಾಗೆ ಕುಸಿಯಲಿಲ್ಲ. ಕೈಬಿಟ್ಟ ವಿವರಗಳಲ್ಲಿ ಯಾವುದೋ ಒಂದು ಕೈಬಿಡಬಾರದ್ದಾಗಿರುತ್ತದೆ, ಅದು ಯಾವುದು ಎಂದು ರಾಶಿ ಹಾಕಿ ನೋಡಿದ ಮೇಲೇ ತಿಳಿಯುತ್ತದೆ.

ಬರಿಜ್ ಮತ್ತು ನೋಪಾಫ್ ಅವರ ಪ್ರಬಂಧ ಬಂದ ವರ್ಷವೇ, 1967ರ ಡಿಸೆಂಬರ್ 11ರ ಬೆಳಗಿನ ಜಾವ, ಮಹಾರಾಷ್ಟ್ರದ ಕೊಯ್ನಾನಗರ ನಡುಗಿತು. ತೀವ್ರತೆ 6.3. ಸತ್ತವರು ಸುಮಾರು 200 ಮಂದಿ. ಗಟ್ಟಿ ನೆಲ, ಇಲ್ಲಿ ಭೂಕಂಪವಾಗದು ಎಂದು ನಂಬಿದ್ದ ದಕ್ಷಿಣದ ಪ್ರಸ್ಥಭೂಮಿಯಲ್ಲಿ ಇದು ದೊಡ್ಡ ಪೆಟ್ಟು. 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿ ಐದಾರು ವರ್ಷ ಆಗಿತ್ತಷ್ಟೆ. ನೀರಿನ ಭಾರಕ್ಕೆ ನೆಲ ಒಡೆಯಿತು ಎಂದು ಜನ ಮಾತಾಡಿಕೊಂಡರು, ಈಗಲೂ ಹಾಗೇ ಹೇಳುವವರಿದ್ದಾರೆ. ಭಾರದ್ದೂ ಪಾಲಿದೆ, ಆದರೆ ಹೆಚ್ಚಿನ ಕೆಲಸ ಮಾಡುವುದು ಬಿರುಕುಗಳಿಗೆ ಇಳಿದ ನೀರಿನ ಒತ್ತಡ.

ಅಡುಗೆಮನೆಯ ಕಪ್ಪು ಕಲ್ಲಿನ ಕಟ್ಟೆಯ ಮೇಲೆ ಬಿಸಿನೀರಲ್ಲಿ ತೊಳೆದ ಸ್ಟೀಲ್ ಲೋಟವನ್ನು ಬೋರಲು ಹಾಕಿದಾಗ ಅದು ಯಾರೂ ಮುಟ್ಟದೆ ತಾನಾಗಿ ಜಾರಿ ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಯಾಗಿ ಹಿಗ್ಗಿ ಲೋಟದ ಭಾರವನ್ನು ಕೆಳಗಿನಿಂದ ಹೊತ್ತುಕೊಳ್ಳುತ್ತದೆ. ಲೋಟದ ತೂಕ ಕಡಿಮೆಯಾಗಿಲ್ಲ. ಅದು ಕಲ್ಲನ್ನು ಒತ್ತುವುದು ಕಡಿಮೆಯಾಗಿದೆ, ಒತ್ತಿದಷ್ಟೇ ಘರ್ಷಣೆ. 1959ರಲ್ಲಿ ಕಿಂಗ್ ಹಬರ್ಟ್ ಮತ್ತು ವಿಲಿಯಂ ರೂಬಿ ಇದೇ ತತ್ವವನ್ನು ಒಂದು ಖಾಲಿ ಬಿಯರ್ ಡಬ್ಬಿಯಿಂದ ತೋರಿಸಿದ್ದರು. ತಣ್ಣಗೆ ಮಾಡಿದ ಡಬ್ಬಿಯನ್ನು ಒದ್ದೆ ಗಾಜಿನ ಮೇಲೆ ಬೋರಲು ಹಾಕಿದರೆ, ಗಾಜು ಹೆಚ್ಚುಕಡಿಮೆ ಮಟ್ಟಸವಾಗಿದ್ದರೂ ಡಬ್ಬಿ ಜಾರುತ್ತದೆ. ಬೃಹತ್ ಬಂಡೆಪದರಗಳು ಹೇಗೆ ಮೈಲುಗಟ್ಟಲೆ ಸರಿದವು ಎಂಬ ಹಳೆಯ ಒಗಟಿಗೆ ಅವರು ಕೊಟ್ಟ ಉತ್ತರ ಇದು. ಸ್ತರಭಂಗದ ಬಿರುಕುಗಳಲ್ಲಿ ತುಂಬಿದ ನೀರೂ ಲೋಟದೊಳಗಿನ ಗಾಳಿಯ ಕೆಲಸವನ್ನೇ ಮಾಡುತ್ತದೆ.

ಈಗ ಪ್ರಮಾಣ ನೋಡೋಣ. ನೂರು ಮೀಟರ್ ನೀರು ಹೇರುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು 10 ಕೆ.ಜಿ. ಐದು ಕಿ.ಮೀ. ಆಳದಲ್ಲಿ ಮೇಲಿನ ಬಂಡೆ ಹೇರುವುದು ಸುಮಾರು 1,300 ಕೆ.ಜಿ. ಜಲಾಶಯ ಸೇರಿಸಿದ್ದು ನೂರಕ್ಕೆ ಒಂದು ಪಾಲೂ ಅಲ್ಲ. ಅಷ್ಟರಿಂದಲೇ ಸ್ತರಭಂಗ ಜಾರಿತೆಂದರೆ, ಅದು ಮೊದಲೇ ಜಾರುವ ಅಂಚಿಗೆ ಬಂದು ನಿಂತಿತ್ತು ಎಂದರ್ಥ. ರಬ್ಬರ್ ಹಿಗ್ಗಿಸಿದ್ದು ಅಣೆಕಟ್ಟಲ್ಲ. ಜಗತ್ತಿನ ಬಹುಪಾಲು ದೊಡ್ಡ ಜಲಾಶಯಗಳು ಯಾವ ಭೂಕಂಪವನ್ನೂ ಎಬ್ಬಿಸಿಲ್ಲ ಎಂಬುದಕ್ಕೂ ಇದೇ ವಿವರಣೆ. ಪ್ರತಿ ಮಳೆಗಾಲ ಭದ್ರಾ ಜಲಾಶಯದ ಮಟ್ಟ 186 ಅಡಿ ಮುಟ್ಟಿತೇ ಎಂದು ಕಾಯುವ ನಮಗೆ ಈ ವ್ಯತ್ಯಾಸ ತಿಳಿದಿರಬೇಕು. ನೀರು ಬೇಕೇ ಬೇಕು, ಜೊತೆಗೆ ಅಂಚಿಗೆ ಬಂದ ಬಿರುಕೂ ಇರಬೇಕು.

ಕೊಯ್ನಾದಲ್ಲಿ ಎರಡೂ ಇವೆ. ಅರ್ಧ ಶತಮಾನ ಮೀರಿದರೂ ಅಲ್ಲಿ ಕಂಪನ ನಿಂತಿಲ್ಲ, ಮಳೆಗಾಲದಲ್ಲಿ ಜಲಾಶಯ ತುಂಬಿದ ಮೇಲೆ ಅವು ಹೆಚ್ಚುವುದನ್ನು ಹೈದರಾಬಾದಿನ ರಾಷ್ಟ್ರೀಯ ಭೂಭೌತಶಾಸ್ತ್ರ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತ ಮತ್ತು ಸಂಗಡಿಗರು ದಶಕಗಳ ಕಾಲ ದಾಖಲಿಸಿದ್ದಾರೆ. ಜಗತ್ತಿನಲ್ಲಿ ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಇಷ್ಟು ಕಾಲ ಇಂಥ ಭೂಕಂಪಗಳನ್ನು ನೋಡಲು ಸಿಗುವ ಸ್ಥಳ ಇನ್ನೊಂದಿಲ್ಲ. ಅದಕ್ಕೇ ಅಲ್ಲಿ ನೆಲ ಕೊರೆದರು. ಕರಾಡದಲ್ಲಿ ಇದಕ್ಕೆಂದೇ ಪ್ರಯೋಗಾಲಯ ಬಂತು, 2017ರಲ್ಲಿ 3 ಕಿ.ಮೀ. ಆಳದ ಮೊದಲ ಕೊಳವೆಬಾವಿ ಮುಗಿಯಿತು. ಸಾವಿರ ಅಡಿ ಕೊರೆಸಿಯೂ ನೀರು ಕಾಣದ ನಮ್ಮ ಕಡೆಯ ರೈತರಿಗೆ ಆ ಆಳದ ಅಂದಾಜು ಸಿಕ್ಕೀತು. ಮೇಲಿನ ಒಂದೂಕಾಲು ಕಿ.ಮೀ. ಕರಿಕಲ್ಲು ದಾಟಿದ ಮೇಲೆ ಸಿಕ್ಕದ್ದು ಗ್ರಾನೈಟ್, ನೈಸ್. ಕರ್ನಾಟಕದ ನೆಲದಲ್ಲಿ ಬಯಲಿಗೆ ಬಂದು ನಿಂತಿರುವಂಥದೇ ಕಲ್ಲು.

ನಮ್ಮ ನೆಲದ ಹಳತನದ ಬಗ್ಗೆ ನಮಗೆ ಹೆಮ್ಮೆಯಿದೆ. ನಮ್ಮ ಪೂರ್ವಕ್ಕೆ, ಗದಗದ ಕಡೆಯಿಂದ ಚಿತ್ರದುರ್ಗದ ಮೇಲೆ ಹಾದು ಮಂಡ್ಯದ ಕಡೆಗೆ ಸಾಗುವ ಶಿಲಾವಲಯವೊಂದಿದೆ. ಧಾರವಾಡ ಶಿಲಾಖಂಡದ ಪೂರ್ವ, ಪಶ್ಚಿಮ ಭಾಗಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಒಂದಕ್ಕೊಂದು ಉಜ್ಜಿದ ಗುರುತು ಅದು. ಮಾಗಿದ ಗಾಯ. 2002ರ ನಕ್ಷೆಯ ಪ್ರಕಾರ ದಾವಣಗೆರೆ ಭೂಕಂಪ ವಲಯ 2ರಲ್ಲಿದೆ, ಅಪಾಯ ಅತಿ ಕಡಿಮೆ ಎಂದು ಗುರುತಿಸಿದ ವಲಯ ಅದು. ಹೆದರಿಸಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಇಟ್ಟಿಗೆಯ ಲೆಕ್ಕವನ್ನು ಇಲ್ಲಿಗೂ ಹಾಕಿ ನೋಡಬೇಕು. ಸ್ಯಾನ್ ಆಂಡ್ರಿಯಾಸ್‌ನ ಎರಡು ಬದಿಗಳು ವರ್ಷಕ್ಕೆ ಸುಮಾರು 3.5 ಸೆಂ.ಮೀ. ಸರಿಯುತ್ತವೆ. 6 ಮೀಟರ್ ಕೂಡಿಡಲು 170 ವರ್ಷ ಸಾಕು. ಫಲಕದ ಅಂಚಿನಿಂದ ದೂರವಿರುವ ಒಳನಾಡಿನ ಬಿರುಕೊಂದು ವರ್ಷಕ್ಕೆ ಮಿಲಿಮೀಟರಿನ ನೂರನೇ ಒಂದು ಭಾಗ ಮಾತ್ರ ಕೂಡಿಡುತ್ತದೆ ಎಂದುಕೊಳ್ಳಿ. ಒಂದು ಮೀಟರ್ ಜಾರುವಷ್ಟಾಗಲು ಒಂದು ಲಕ್ಷ ವರ್ಷ ಬೇಕು. ಹರಿಹರದ ದೇವಾಲಯವನ್ನು ಪೋಲಾಳ್ವ ದಂಡನಾಯಕ ಕಟ್ಟಿಸಿದ್ದು 1224ರ ಹೊತ್ತಿಗೆ. ಎಂಟುನೂರು ವರ್ಷದಿಂದ ಗುಡಿ ನಿಂತಿದೆಯಲ್ಲ ಎಂದರೆ, ಲಕ್ಷ ವರ್ಷದ ಲೆಕ್ಕದಲ್ಲಿ ಅದು ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಸಾಕ್ಷಿ.

ಕಿಲ್ಲಾರಿಯಲ್ಲಿ ಆದದ್ದು ಇದೇ. ಬೀದರ್ ನೆರೆಯ ಲಾತೂರ್ ಜಿಲ್ಲೆಯ ಆ ಹಳ್ಳಿ ಆಗ ಭೂಕಂಪ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯ 1ರಲ್ಲಿತ್ತು. 1993ರ ಸೆಪ್ಟೆಂಬರ್ 30, ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದ ರಾತ್ರಿ, ನಸುಕಿನ 3.56ಕ್ಕೆ ನೆಲ ಜಾರಿತು. ತೀವ್ರತೆ ಆರನ್ನು ಸ್ವಲ್ಪ ಮೀರಿತ್ತು, ಅಷ್ಟೆ. ಸತ್ತವರ ಲೆಕ್ಕ 8 ಸಾವಿರದ ಹತ್ತಿರದಿಂದ 10 ಸಾವಿರದವರೆಗೆ. ಅಲ್ಲಿ ಮುರಿದದ್ದು ಹೊಸ ಬಂಡೆಯಲ್ಲ, ಅತಿ ಪುರಾತನ ಶಿಲೆಯೊಳಗಿನ ಹಳೆಯ ಸ್ತರಭಂಗವೇ ಮತ್ತೆ ಜಾರಿದ್ದು ಎಂದು ಸಿ.ಪಿ. ರಾಜೇಂದ್ರನ್, ಕುಸಲಾ ರಾಜೇಂದ್ರನ್ ಮತ್ತು ಸಂಗಡಿಗರು 1996ರಲ್ಲಿ ಬರೆದರು. 2002ರಲ್ಲಿ ನಕ್ಷೆಯಿಂದ ವಲಯ 1 ಎಂಬುದನ್ನೇ ತೆಗೆದುಹಾಕಲಾಯಿತು.

ನನ್ನನ್ನು ಕಾಡುವುದು ಆ ಭೂಕಂಪದ ಹಿಂದಿನ ವರ್ಷ. 1992ರಲ್ಲೇ ಕಿಲ್ಲಾರಿಯ ಸುತ್ತ ನೆಲ ಸಣ್ಣಗೆ ನಡುಗುತ್ತಿತ್ತು, ಜನ ಹೆದರಿದ್ದರು. ಆಮೇಲೆ ಅದು ತಣ್ಣಗಾಯಿತು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲೂ ನೆಲದಡಿ ಸದ್ದು, ನಡುಕ. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಮಳೆಗಾಲದಲ್ಲಿ ಇಳಿದ ನೀರು ಕಾರಣವಿರಬಹುದೆಂದು ತಜ್ಞರು ಹೇಳಿದರು. ವಿಜಯಪುರ, ಚಿಕ್ಕಬಳ್ಳಾಪುರ, ಕೊಡಗಿನಲ್ಲೂ ಹೀಗೇ ನಡುಗಿ ನಿಂತಿದೆ. ಒಂದು ಕಡೆ ಸಣ್ಣ ನಡುಕದ ಹಿಂದೆ ದೊಡ್ಡದು ಬಂತು, ಉಳಿದೆಡೆ ಬರಲಿಲ್ಲ. ಮೊಮ್ಮಗಳ ಸೀಮೆಸುಣ್ಣದ ಗೆರೆಗಳೂ ಹಾಗೇ ಇವೆ. ಐದೂ ಇಟ್ಟಿಗೆ ಜಾರುವ ಮುನ್ನ ಕೆಲವು ಸಲ ಒಂದು ಮಿಸುಕುತ್ತದೆ. ಎಷ್ಟೋ ಸಲ ಒಂದು ಮಿಸುಕಿ ಸುಮ್ಮನಾಗುತ್ತದೆ. ಆ ಮಿಸುಕಾಟಗಳನ್ನು ಅಕ್ಕಪಕ್ಕ ಇಟ್ಟರೆ ನನಗೆ ವ್ಯತ್ಯಾಸ ಕಾಣುವುದಿಲ್ಲ. ಅವಳಿಗೆ ನಾನು ಹೇಳಿದ್ದೂ ಇಷ್ಟೇ: ಮೊದ್ಲೇ ಹೇಳಕ್ಕೆ ಬರಲ್ಲ ಕಣವ್ವ, ಆದರೆ ಯಾಕೆ ಬರಲ್ಲ ಅಂತ ಈಗ ಗೊತ್ತಾಯಿತಲ್ಲ.

ಅವಳು ಅದಕ್ಕೆ ಸುಮ್ಮನಾಗಲಿಲ್ಲ. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದು ಹೇಗೆ ಎಂದು ಕೇಳಿದಳು. ಮಣ್ಣಿನ ಗಾರೆಯಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ, ಕೆಳಗೆ ಮಲಗಿದ್ದ ಸಂಸಾರ ಎಂದೆ. ಮರುದಿನ ನೋಡಿದರೆ ಇಟ್ಟಿಗೆಯ ಮೇಲೆ ಎರಡು ಹ್ಯಾಕ್ಸಾ ಬ್ಲೇಡಿನ ತುಂಡುಗಳು ನಿಂತಿದ್ದವು, ಒಂದು ಗಿಡ್ಡ, ಒಂದು ಉದ್ದ, ಎರಡರ ತುದಿಗೂ ರಬ್ಬರ್ ಚುಚ್ಚಿ. ಕಟ್ಟಡಗಳ ಎಂಜಿನಿಯರುಗಳು ಲೆಕ್ಕ ಶುರುಮಾಡುವುದೂ ಇಂಥದೇ ಒಂದು ಕಡ್ಡಿ, ಒಂದು ತೂಕದಿಂದ. ಒಂದು ಅಂತಸ್ತಿಗೆ ತೂಗಾಟದ ಕಾಲ ಸೆಕೆಂಡಿನ ಹತ್ತನೇ ಒಂದು ಭಾಗ ಎಂಬುದು ಅವರ ಕೈಲೆಕ್ಕ. ಅವಳು ಕೋಲು ತಿರುಗಿಸಿದಳು. ಇಟ್ಟಿಗೆ ಜಿಗಿದಾಗ ಗಿಡ್ಡದು ಸರಕ್ಕನೆ ನಡುಗಿ ನಿಂತಿತು, ಉದ್ದದ್ದು ಬಹಳ ಹೊತ್ತು ತೂಗುತ್ತಿತ್ತು. ಈಗ ಗಿಡ್ಡ ಬ್ಲೇಡಿನ ತುದಿಗೆ ಜೇಡಿಮಣ್ಣಿನ ಉಂಡೆ ಮೆತ್ತಿ, ಮಾಳಿಗೆ ಭಾರವಾದಂತೆ ಏನಾಗುತ್ತದೆ ಎಂದು ನೋಡುತ್ತಿದ್ದಾಳೆ.